ಎರಡನೇ ತಿಂಗಳಲ್ಲಿ ಟಿಬಿ ಮಾತ್ರೆ ಬಿಡಲು ಹೊರಟವರಿಗೆ ಹೇಗೆ ಹೇಳುವುದು: ಕೆಸುವಿನ ಎಲೆ, ಆಲೂಗಡ್ಡೆ, ಬಚ್ಚಲೊಲೆಯ ಕೆಂಡ

ಶಿವಮೊಗ್ಗ ಜಿಲ್ಲೆಯ ಒಂದು ತಾಲ್ಲೂಕು ಆಸ್ಪತ್ರೆಯ ಲ್ಯಾಬ್‌ನಲ್ಲಿ 23 ವರ್ಷ ಕಫದ ಸ್ಲೈಡ್ ನೋಡಿದ್ದೇನೆ. ಆ ಕಿಟಕಿಯ ಹಿಂದೆ ಕೂತು ನಾನು ಅತಿ ಹೆಚ್ಚು ಸಲ ಕೇಳಿಸಿಕೊಂಡ ಪ್ರಶ್ನೆ ಒಂದೇ. "ಮೇಡಂ, ಕೆಮ್ಮು ನಿಂತಿದೆ, ಜ್ವರ ಇಲ್ಲ, ಊಟ ಸೇರ್ತಿದೆ. ಇನ್ನೂ ಯಾಕೆ ಮಾತ್ರೆ?"

ಈ ಪ್ರಶ್ನೆ ಬರುವುದು ಹೆಚ್ಚಾಗಿ ಆರನೇ ವಾರದಿಂದ ಎಂಟನೇ ವಾರದ ಒಳಗೆ. ಕೇಳುವವರು ಕೇಳುತ್ತಾರೆ. ಕೇಳದವರು ಸುಮ್ನೆ ಬಿಟ್ಟುಬಿಡುತ್ತಾರೆ.

ನನ್ನ ತಮ್ಮ ಕೇಳದವನು. ರೈಸ್ ಮಿಲ್‌ನಲ್ಲಿ ಕೆಲಸಕ್ಕಿದ್ದ. ಏಳು ವಾರ ಮಾತ್ರೆ ನುಂಗಿದ, ಮೈ ತುಂಬಿಕೊಂಡಿತು, ಬಿಟ್ಟ. ಎಂಟು ತಿಂಗಳ ಮೇಲೆ ಒಂದು ಬೆಳಗ್ಗೆ ಬಚ್ಚಲಲ್ಲಿ ಕೆಮ್ಮಿದಾಗ ರಕ್ತ ಬಿತ್ತು. ಅವನ ಸ್ಲೈಡ್ ನೋಡಿದವಳು ನಾನೇ. ಆಗಿನ ಪದ್ಧತಿಯಲ್ಲಿ ಎರಡನೇ ಸಲ ಬಂದವರಿಗೆ 2 ತಿಂಗಳು ಇಂಜೆಕ್ಷನ್, ಒಟ್ಟು 8 ತಿಂಗಳ ಚಿಕಿತ್ಸೆ. ವಾಸಿಯಾದ. ಆದರೆ ಮನೆ ಹಿಂದಿನ ಸಣ್ಣ ಗುಡ್ಡ ಹತ್ತಿದರೂ ಅವನಿಗೆ ಈಗಲೂ ಏದುಸಿರು ಬರುತ್ತದೆ. "ಮಾತ್ರೆ ಬಿಡಬೇಡ ಕಣೋ" ಅಂತ ಅವನಿಗೆ ಹತ್ತು ಸಲ ಹೇಳಿದ್ದೆ. ಯಾಕೆ ಬಿಡಬಾರದು ಅಂತ ಒಂದು ಸಲವೂ ಹೇಳಿರಲಿಲ್ಲ.

ಆಮೇಲೆ ನಾನು ಆಶಾ ಕಾರ್ಯಕರ್ತೆಯರ ಜೊತೆ ಮನೆಗಳಿಗೆ ಹೋಗಲು ಶುರು ಮಾಡಿದೆ. ಟಿಬಿ ಬ್ಯಾಕ್ಟೀರಿಯಾ ನಮ್ಮ ಮೈಯ ಕಾವಲನ್ನು ಹೇಗೆ ತಪ್ಪಿಸಿಕೊಂಡು ಬದುಕುತ್ತದೆ ಎನ್ನುವುದನ್ನು ಮನೆಯ ಸಾಮಾನಿನಲ್ಲೇ ತೋರಿಸಬಹುದು. ಅರ್ಧ ಗಂಟೆ ಸಾಕು. ನೀವು ಆಶಾ ಆಗಿರಿ, ನರ್ಸ್ ಆಗಿರಿ, ರೋಗಿಯ ಹೆಂಡತಿಯೋ ಮಗನೋ ಆಗಿರಿ, ಇದನ್ನು ಮಾಡಬಹುದು.

ಹೋಗುವ ಮುಂಚೆ

ಒಂದು ಕೆಸುವಿನ ಎಲೆ, ಒಂದು ಹಸಿ ಆಲೂಗಡ್ಡೆ, ಎರಡು ಸಣ್ಣ ಪ್ಲಾಸ್ಟಿಕ್ ಕವರ್, ಒಂದು ಚಿಟಿಕೆ ರಾಗಿ, ಅರ್ಧ ಲೋಟ ಹುಣಸೆ ನೀರು. ಮೆಡಿಕಲ್ ಶಾಪ್‌ನಿಂದ ಹೈಡ್ರೋಜನ್ ಪೆರಾಕ್ಸೈಡ್‌ನ ಒಂದು ಸಣ್ಣ ಬಾಟಲಿ. ಗಾಯ ತೊಳೆಯಲು ಬಳಸುತ್ತಾರಲ್ಲ, ಅದೇ. ಮಕ್ಕಳ ಕೈಗೆ ಸಿಗದಂತೆ ಇಟ್ಟುಕೊಳ್ಳಿ, ಕಣ್ಣಿಗೆ ಹಾರಬಾರದು.

ಹಿತ್ತಲಲ್ಲಿ ಕೂರಿ. ಗಾಳಿಯೂ ಆಡುತ್ತದೆ, ಅಕ್ಕಪಕ್ಕದವರ ಕಿವಿಯೂ ಇರುವುದಿಲ್ಲ. ಮನೆಯಲ್ಲಿ ಅಡುಗೆ ಮಾಡುವವರನ್ನು ಜೊತೆಗೆ ಕೂರಿಸಿಕೊಳ್ಳಿ. ಹೆದರಿಸುವ ಮಾತಿನಿಂದ ಶುರು ಮಾಡಬೇಡಿ. "ನಿಮ್ಮ ಮೈಯಲ್ಲಿ ಶಕ್ತಿ ಇಲ್ಲ, ಅದಕ್ಕೇ ಬಂತು" ಅಂತಲೂ ಹೇಳಬೇಡಿ. ಅದು ರೋಗಿಗೆ ಬೈದ ಹಾಗೆ ಕೇಳಿಸುತ್ತದೆ, ಅರ್ಧ ಸುಳ್ಳು ಕೂಡ. ಅವರ ಮೈ ಹೋರಾಡಿದೆ. ಅಲ್ಲಿಂದಲೇ ಶುರು ಮಾಡಿ.

ಮೈ ನುಂಗಿತು, ಆದರೆ ಅರಗಲಿಲ್ಲ

ಟಿಬಿ ಬ್ಯಾಕ್ಟೀರಿಯಾ ಉಸಿರಿನ ಜೊತೆ ಶ್ವಾಸಕೋಶದ ತುದಿಯ ಗಾಳಿಚೀಲಗಳಿಗೆ ಹೋಗುತ್ತದೆ. ಅಲ್ಲಿ ಮ್ಯಾಕ್ರೋಫೇಜ್ ಅನ್ನುವ ಕೋಶಗಳು ಕಾವಲಿಗೆ ಇರುತ್ತವೆ. ನಾನು ಮನೆಗಳಲ್ಲಿ 'ನುಂಗುವ ಕೋಶ' ಅಂತೀನಿ. ಧೂಳು, ಬ್ಯಾಕ್ಟೀರಿಯಾ ಏನು ಬಂದರೂ ನುಂಗಿ ಹಾಕುವುದೇ ಅವುಗಳ ಕೆಲಸ. ಟಿಬಿ ಬ್ಯಾಕ್ಟೀರಿಯಾವನ್ನೂ ನುಂಗುತ್ತವೆ.

ಮನೆಯಲ್ಲಿ ಹೈಸ್ಕೂಲ್ ಮಕ್ಕಳಿದ್ದರೆ ಒಂದು ವಿಷಯ ಹೇಳಿ. 1882ರ ಮಾರ್ಚ್ 24ರಂದು ಬರ್ಲಿನ್‌ನಲ್ಲಿ ರಾಬರ್ಟ್ ಕಾಖ್ ಟಿಬಿ ಬ್ಯಾಕ್ಟೀರಿಯಾ ಕಂಡುಹಿಡಿದದ್ದನ್ನು ಜಗತ್ತಿಗೆ ತಿಳಿಸಿದರು. ಅದೇ ವರ್ಷ ಇಟಲಿಯ ಮೆಸ್ಸೀನಾದಲ್ಲಿ ಮೆಚ್ನಿಕಾಫ್ ಅನ್ನುವ ವಿಜ್ಞಾನಿ ನಕ್ಷತ್ರಮೀನಿನ ಮರಿಗೆ ಮುಳ್ಳು ಚುಚ್ಚಿಟ್ಟು, ಮರುದಿನ ನೋಡಿದಾಗ ಮುಳ್ಳಿನ ಸುತ್ತ ನುಂಗುವ ಕೋಶಗಳು ಮುತ್ತಿಕೊಂಡಿದ್ದವು. ಕಳ್ಳನೂ ಕಾವಲುಗಾರನೂ ಒಂದೇ ವರ್ಷ ಮನುಷ್ಯರ ಕಣ್ಣಿಗೆ ಬಿದ್ದರು ಅನ್ನುವುದು ನನಗೆ ಈಗಲೂ ಅಚ್ಚರಿ.

ನುಂಗಿದ ಮೇಲೆ ಏನಾಗಬೇಕಿತ್ತು? ಇಲ್ಲಿ ಎರಡು ಕವರ್ ತೆಗೆಯಿರಿ. ಒಂದರಲ್ಲಿ ನಾಲ್ಕು ರಾಗಿಕಾಳು ಹಾಕಿ ಗಂಟು ಕಟ್ಟಿ. ಇದು ನುಂಗುವ ಕೋಶದ ಒಳಗೆ ಬ್ಯಾಕ್ಟೀರಿಯಾ ಸಿಕ್ಕಿಕೊಂಡಿರುವ ಚೀಲ. ಇನ್ನೊಂದರಲ್ಲಿ ಹುಣಸೆ ನೀರು ತುಂಬಿ ಕಟ್ಟಿ. ಇದು ಕೋಶದ ಹುಳಿಚೀಲ, ಹುಳಿಯ ಜೊತೆ ಅರಗಿಸುವ ರಸಗಳೂ ಇರುತ್ತವೆ. ಎರಡೂ ಚೀಲ ಒಂದಕ್ಕೊಂದು ಅಂಟಿ, ಒಂದೇ ಚೀಲ ಆಗಬೇಕು. ಆಗ ರಸ ಬ್ಯಾಕ್ಟೀರಿಯಾದ ಮೇಲೆ ಸುರಿದು ಅದನ್ನು ಅರಗಿಸುತ್ತದೆ. ಬೇರೆ ಎಷ್ಟೋ ಬ್ಯಾಕ್ಟೀರಿಯಾಗಳ ಕಥೆ ಇಲ್ಲಿಗೆ ಮುಗಿಯುತ್ತದೆ.

ಈಗ ಎರಡೂ ಕವರ್‌ಗಳನ್ನು ರೋಗಿಯ ಎರಡು ಕೈಗೆ ಕೊಡಿ. "ಸೇರಿಸಿ ನೋಡಿ" ಅನ್ನಿ. ಕವರ್‌ಗಳು ಒಂದರ ಪಕ್ಕ ಒಂದು ಕೂರುತ್ತವೆ, ಸೇರುವುದಿಲ್ಲ. ರಾಗಿಕಾಳು ಒಣಗಿಯೇ ಇರುತ್ತದೆ. ಟಿಬಿ ಬ್ಯಾಕ್ಟೀರಿಯಾ ಮಾಡುವುದು ಇದನ್ನೇ. ತಾನು ಕೂತ ಚೀಲ ಹುಳಿಚೀಲಕ್ಕೆ ಸೇರದಂತೆ ತಡೆಯುತ್ತದೆ. ಚೀಲ ಚೆನ್ನಾಗಿ ಹುಳಿಯಾಗಬೇಕಿತ್ತು, ಸಪ್ಪೆಯಾಗಿಯೇ ಉಳಿಯುತ್ತದೆ. ಕಳ್ಳ ಪೊಲೀಸ್ ಸ್ಟೇಷನ್‌ನಲ್ಲೇ ಮನೆ ಮಾಡಿದ ಹಾಗೆ. ದೀಪದ ಬುಡದಲ್ಲೇ ಕತ್ತಲೆ ಅಲ್ವಾ?

ಒಮ್ಮೆ ಒಬ್ಬ ಅಜ್ಜ ಆ ಕವರ್‌ಗಳನ್ನು ಹಿಡಿದುಕೊಂಡು ತುಂಬಾ ಹೊತ್ತು ಸುಮ್ಮನಿದ್ದರು. ಆಮೇಲೆ "ಹಾಗಾದ್ರೆ ಅದು ನನ್ನ ಕಡೆಯವರ ಹೊಟ್ಟೇಲೇ ಇದೆ ಅಂತಾಯ್ತು" ಅಂದರು. ಇದಕ್ಕಿಂತ ಚೆನ್ನಾಗಿ ನಾನು ಹೇಳಲಾರೆ.

ಅಲ್ಲಿಗೂ ನಿಲ್ಲುವುದಿಲ್ಲ. ಸ್ವಲ್ಪ ದಿನ ಕಳೆದ ಮೇಲೆ ಬ್ಯಾಕ್ಟೀರಿಯಾ ಚೀಲದ ಗೋಡೆಯನ್ನೇ ತೂತು ಮಾಡುವ ಪ್ರೋಟೀನ್ ಬಿಡುತ್ತದೆ. ಟಿಬಿ ತಡೆಯಲು ಮಕ್ಕಳ ತೋಳಿಗೆ ಹಾಕುವ ಬಿಸಿಜಿ ಲಸಿಕೆಯ ಬ್ಯಾಕ್ಟೀರಿಯಾಕ್ಕೆ ಈ ಕೆಲಸ ಬರುವುದಿಲ್ಲ. ಫ್ರಾನ್ಸ್‌ನ ಕಾಲ್ಮೆಟ್ ಮತ್ತು ಗೆರಾನ್ ದನದ ಟಿಬಿ ಬ್ಯಾಕ್ಟೀರಿಯಾವನ್ನು ಆಲೂಗಡ್ಡೆ, ಗ್ಲಿಸರಿನ್, ಪಿತ್ತರಸದ ಮೇಲೆ 13 ವರ್ಷ, 230 ಸಲ ಮತ್ತೆ ಮತ್ತೆ ಬೆಳೆಸಿದರು. ಅಷ್ಟರಲ್ಲಿ ಅದು ತೂತು ಕೊರೆಯುವ ಆಯುಧವನ್ನು ಕಳೆದುಕೊಂಡಿತ್ತು. 1921ರಲ್ಲಿ ಮೊದಲ ಮಗುವಿಗೆ ಕೊಟ್ಟದ್ದು ಅದನ್ನೇ. ನಮ್ಮ ತೋಳಿನ ಮೇಲಿನ ಕಲೆ ಆ ಆಯುಧ ಇಲ್ಲದ ಬ್ಯಾಕ್ಟೀರಿಯಾದ ಗುರುತು.

ಕೆಸುವಿನ ಎಲೆ

ಹಿತ್ತಲಲ್ಲಿ ಬಚ್ಚಲ ನೀರು ಹರಿಯುವ ಕಡೆ ಕೆಸು ಇದ್ದೇ ಇರುತ್ತದೆ. ಎಲೆ ಕಿತ್ತು ಅದರ ಮೇಲೆ ನೀರು ಹಾಕಿ. ನೀರು ಮುತ್ತಿನ ಹಾಗೆ ಉರುಳಿ ಹೋಗುತ್ತದೆ, ಎಲೆ ಒದ್ದೆಯೇ ಆಗುವುದಿಲ್ಲ. ಎಲೆಯ ಮೇಲಿನ ಮೇಣ ಅದಕ್ಕೆ ಕಾರಣ. ಟಿಬಿ ಬ್ಯಾಕ್ಟೀರಿಯಾದ ಹೊರಮೈಯಲ್ಲೂ ದಪ್ಪ ಮೇಣದ ಗೋಡೆ ಇದೆ. ಮೈಕೋಲಿಕ್ ಆಸಿಡ್ ಅನ್ನುವ ಉದ್ದುದ್ದ ಕೊಬ್ಬಿನ ಎಳೆಗಳಿಂದ ಆಗಿದ್ದು. ನಮ್ಮ ಮೈಯ ರಸಗಳು ಅದರ ಮೇಲಿಂದ ಜಾರುತ್ತವೆ.

ಈ ಮೇಣವನ್ನು ನಾನು ಪ್ರತಿದಿನ ಕಣ್ಣಾರೆ ನೋಡಿದ್ದೇನೆ, ಅದಕ್ಕೆ ಸ್ವಲ್ಪ ಬಿಡಿಸಿ ಹೇಳ್ತೀನಿ. ಕಫದ ಡಬ್ಬಿಯಲ್ಲಿ ಹಳದಿ ಗಟ್ಟಿ ಭಾಗ ಹುಡುಕಿ, ಪೊರಕೆ ಕಡ್ಡಿಯ ತುದಿಯಿಂದ ಎತ್ತಿ ಗಾಜಿನ ಸ್ಲೈಡ್ ಮೇಲೆ ತೆಳ್ಳಗೆ ಸವರುತ್ತೇವೆ. ಹೌದು, ಪೊರಕೆ ಕಡ್ಡಿಯೇ. ಒಣಗಿಸಿ, ಉರಿಯ ಮೇಲೆ ಆಡಿಸಿ, ಕಾರ್ಬಾಲ್ ಫುಕ್ಸಿನ್ ಅನ್ನುವ ಕೆಂಪು ಬಣ್ಣ ಸುರಿಯುತ್ತೇವೆ. ಕೆಳಗಿನಿಂದ ಬಿಸಿ ಕೊಡಬೇಕು, ಹಬೆ ಏಳಬೇಕು, ಕುದಿಯಬಾರದು. ಆ ಬಿಸಿಗೆ ಬಣ್ಣ ಮೇಣದ ಒಳಗೆ ಇಳಿಯುತ್ತದೆ. 5 ನಿಮಿಷ ಬಿಟ್ಟು ತೊಳೆದು, ಮೇಲೆ 25% ಗಂಧಕಾಮ್ಲ ಹಾಕುತ್ತೇವೆ. ಎಲ್ಲದರ ಕೆಂಪೂ ಹೋಗುತ್ತದೆ, ಟಿಬಿ ಬ್ಯಾಕ್ಟೀರಿಯಾದ್ದು ಹೋಗುವುದಿಲ್ಲ. ಕೊನೆಗೆ ನೀಲಿ ಬಣ್ಣ ಕೊಟ್ಟು ಸೂಕ್ಷ್ಮದರ್ಶಕದ ಕೆಳಗೆ ಇಟ್ಟರೆ, ನೀಲಿ ಬಯಲಲ್ಲಿ ಕೆಂಪು ಕಡ್ಡಿಗಳು. ಸಣ್ಣಗೆ, ಸ್ವಲ್ಪ ಬಾಗಿದ ಕಡ್ಡಿಗಳು. ಗಂಧಕಾಮ್ಲ ಸುರಿದರೂ ಬಣ್ಣ ಬಿಡದ ಗೋಡೆ ಅದು. ಇದನ್ನು ಹೇಳಿದಾಗ ಜನ ಎಲೆಯನ್ನು ಇನ್ನೊಂದು ಸಲ ಮುಟ್ಟಿ ನೋಡುತ್ತಾರೆ.

ಆಲೂಗಡ್ಡೆ

ನುಂಗುವ ಕೋಶದ ಹತ್ತಿರ ಹುಳಿ ಮಾತ್ರ ಅಲ್ಲ, ಹೈಡ್ರೋಜನ್ ಪೆರಾಕ್ಸೈಡ್ ಕೂಡ ಇದೆ. ತಾನೇ ತಯಾರಿಸಿ ಬ್ಯಾಕ್ಟೀರಿಯಾದ ಮೇಲೆ ಬಿಡುತ್ತದೆ. ಬಾಟಲಿಯಲ್ಲಿರುವುದೂ ಅದೇ ವಸ್ತು.

ಆಲೂಗಡ್ಡೆ ಬಿಲ್ಲೆ ಕತ್ತರಿಸಿ, ಕತ್ತರಿಸಿದ ಕಡೆ ನಾಲ್ಕು ಹನಿ ಪೆರಾಕ್ಸೈಡ್ ಹಾಕಿ. ಕೂಡಲೇ ಬುರುಬುರು ನೊರೆ ಏಳುತ್ತದೆ. ಆಲೂಗಡ್ಡೆಯಲ್ಲಿ ಕ್ಯಾಟಲೇಸ್ ಅನ್ನುವ ಕಿಣ್ವ ಇದೆ, ಅದು ಪೆರಾಕ್ಸೈಡನ್ನು ಒಡೆದು ಬರೀ ನೀರು ಮತ್ತು ಆಮ್ಲಜನಕ ಮಾಡಿಬಿಡುತ್ತದೆ. ಟಿಬಿ ಬ್ಯಾಕ್ಟೀರಿಯಾದ ಹತ್ತಿರವೂ ಇಂಥದ್ದೇ ಕಿಣ್ವ ಇದೆ. ಮೈ ಎಸೆದ ವಿಷವನ್ನು ಅದು ನೀರು ಮಾಡುತ್ತದೆ. (ಆ ಬಿಲ್ಲೆಯನ್ನು ಎಸೆಯಿರಿ, ಸಾರಿಗೆ ಹಾಕಬೇಡಿ.)

ಈಗ ನನಗೆ ತುಂಬಾ ಇಷ್ಟವಾದ ಮಾತು. ನಾವು ಕೊಡುವ ಮಾತ್ರೆಯಲ್ಲಿ ಐಸೋನಿಯಜಿಡ್ ಅನ್ನುವ ಔಷಧ ಇದೆ. ನುಂಗಿದಾಗ ಅದು ಸುಪ್ತವಾಗಿರುತ್ತದೆ, ತಾನಾಗಿ ಯಾರನ್ನೂ ಕೊಲ್ಲದು. ಬ್ಯಾಕ್ಟೀರಿಯಾದ ಒಳಗೆ ಹೋದಾಗ, ಇದೇ ಕಿಣ್ವ ಅದನ್ನು ಮುಟ್ಟಿ ಕೊಲ್ಲುವ ರೂಪಕ್ಕೆ ತಿರುಗಿಸುತ್ತದೆ. ಯಾವ ಗುರಾಣಿಯಿಂದ ಬ್ಯಾಕ್ಟೀರಿಯಾ ನಮ್ಮ ಮೈಯಿಂದ ತಪ್ಪಿಸಿಕೊಂಡಿತೋ, ಅದೇ ಗುರಾಣಿ ಮದ್ದಿಗೆ ಜೀವ ಕೊಡುತ್ತದೆ. ಆ ಮದ್ದು ಹೋಗಿ ಹೊಡೆಯುವುದು ಮೇಣದ ಗೋಡೆಯ ಕೆಲಸಕ್ಕೆ. ಹೊಸ ಮೇಣ ಹುಟ್ಟುವುದಿಲ್ಲ.

ಕೆಲವು ಬ್ಯಾಕ್ಟೀರಿಯಾಗಳಲ್ಲಿ ಆ ಕಿಣ್ವ ಕೆಟ್ಟಿರುತ್ತದೆ. ಅವುಗಳ ಮೇಲೆ ಐಸೋನಿಯಜಿಡ್ ನಡೆಯುವುದಿಲ್ಲ. ಸುಮಾರು ಹತ್ತು ಲಕ್ಷಕ್ಕೆ ಒಂದರಂತೆ ಈ ಮದ್ದಿಗೆ ಬಗ್ಗದವು ತಾವಾಗಿಯೇ ಹುಟ್ಟುತ್ತವೆ. ಶ್ವಾಸಕೋಶದಲ್ಲಿ ಕುಳಿ ಬಿದ್ದವರಲ್ಲಿ ಬ್ಯಾಕ್ಟೀರಿಯಾ ಕೋಟಿಗಟ್ಟಲೆ ಇರುತ್ತವೆ, ಹಾಗಾಗಿ ಬಗ್ಗದವೂ ಒಂದಷ್ಟು ಇದ್ದೇ ಇರುತ್ತವೆ. ಅದಕ್ಕೇ ನಾಲ್ಕು ಮದ್ದು ಒಟ್ಟಿಗೆ. ಒಂದು ಬಿಟ್ಟದ್ದನ್ನು ಇನ್ನೊಂದು ಹಿಡಿಯುತ್ತದೆ. ಅರ್ಧಕ್ಕೆ ಬಿಟ್ಟು, ನೆನಪಾದಾಗ ನುಂಗಿ, ಮತ್ತೆ ಬಿಟ್ಟರೆ ಬಗ್ಗದವುಗಳಿಗೆ ಹೊಲ ಖಾಲಿ ಮಾಡಿಕೊಟ್ಟ ಹಾಗೆ.

ಬಚ್ಚಲೊಲೆಯ ಕೆಂಡ

ಇದನ್ನು ಕೊನೆಗೆ ತೋರಿಸಿ. ಮಲೆನಾಡಿನ ಮನೆಗಳಲ್ಲಿ ಹಂಡೆ ಒಲೆಯ ಬೂದಿ ಕೆದಕಿದರೆ ಮಧ್ಯಾಹ್ನವೂ ಕೆಂಡ ಸಿಗುತ್ತದೆ. ಗ್ಯಾಸ್ ಮಾತ್ರ ಇರುವ ಮನೆಯಲ್ಲಿ ಬಾಯಲ್ಲೇ ಹೇಳಿ, ಬೂದಿ ಮುಚ್ಚಿದ ಕೆಂಡ ಅಂದರೆ ಎಲ್ಲರಿಗೂ ಗೊತ್ತು.

ನುಂಗಿದ್ದನ್ನು ಕೊಲ್ಲಲಾಗದೆ ಹೋದಾಗ ಮೈ ಇನ್ನೊಂದು ದಾರಿ ಹಿಡಿಯುತ್ತದೆ. ಸೋಂಕಾದ ಕೋಶಗಳ ಸುತ್ತ ಬೇರೆ ಕಾವಲು ಕೋಶಗಳು ಪದರ ಪದರವಾಗಿ ನಿಂತು ಗಂಟು ಕಟ್ಟುತ್ತವೆ. ಒಳಗೆ ಆಮ್ಲಜನಕ ಕಡಿಮೆ, ಆಹಾರ ಕಡಿಮೆ. ಬೇರೆ ಬ್ಯಾಕ್ಟೀರಿಯಾ ಆಗಿದ್ದರೆ ಸಾಯುತ್ತಿತ್ತು. ಇದು ನಿದ್ದೆ ಹೋಗುತ್ತದೆ. ಮೊದಲೇ ಇದು ನಿಧಾನದ ಪ್ರಾಣಿ. ಕರುಳಿನ ಇ. ಕೋಲಿ ಅನುಕೂಲ ಇದ್ದರೆ 20 ನಿಮಿಷಕ್ಕೆ ಒಂದು ಎರಡಾಗುತ್ತದೆ, ಟಿಬಿ ಬ್ಯಾಕ್ಟೀರಿಯಾಕ್ಕೆ ಸುಮಾರು 20 ಗಂಟೆ ಬೇಕು. ನಿದ್ದೆಯಲ್ಲಿ ಅದೂ ಇಲ್ಲ. ತಿಂಗಳು, ವರ್ಷ, ಹತ್ತಾರು ವರ್ಷ ಹೀಗೆಯೇ ಇರಬಲ್ಲದು. ಜಗತ್ತಿನ ಜನರಲ್ಲಿ ಸುಮಾರು ಕಾಲು ಭಾಗದವರೊಳಗೆ ಟಿಬಿ ಸೋಂಕು ಹೊಕ್ಕಿದೆ ಎಂದು ಅಂದಾಜು. ಅವರಲ್ಲಿ 100ಕ್ಕೆ 5ರಿಂದ 10 ಜನಕ್ಕೆ ಮಾತ್ರ ಜೀವಮಾನದಲ್ಲಿ ಕಾಯಿಲೆ ಆಗುತ್ತದೆ. ಉಳಿದವರಲ್ಲಿ ಮೈ ಬೂದಿ ಮುಚ್ಚಿಯೇ ಇಟ್ಟಿರುತ್ತದೆ.

ಮದ್ದಿನ ಕಷ್ಟ ಇಲ್ಲೇ ಇರುವುದು. ಹೆಚ್ಚಿನ ಮದ್ದು ಎದ್ದು ಓಡಾಡುವ ಬ್ಯಾಕ್ಟೀರಿಯಾವನ್ನು ಬೇಗ ಕೊಲ್ಲುತ್ತದೆ. ಕೆಮ್ಮು, ಜ್ವರ ತರುತ್ತಿದ್ದವು ಅವೇ. ಅವು ಹೋದ ಕೂಡಲೇ ಆರಾಮ ಅನಿಸುತ್ತದೆ. ಮಲಗಿದ್ದವು ಹಾಗೇ ಇರುತ್ತವೆ, ಒಂದೊಂದಾಗಿ ಏಳುತ್ತವೆ. ಐಸೋನಿಯಜಿಡ್ ಜೊತೆಗಿನ ಉಳಿದ ಮೂರು ಮದ್ದುಗಳಲ್ಲಿ ರಿಫಾಂಪಿಸಿನ್ ಅವು ಅರೆಗಳಿಗೆ ಎದ್ದರೂ ಹಿಡಿಯುತ್ತದೆ. ಪೈರಜಿನಮೈಡ್ ಹುಳಿಯಾದ ಜಾಗದಲ್ಲೇ ಚುರುಕು, ಅಂಥ ಕಡೆ ಅಡಗಿದವಕ್ಕೆ ಅದು. ಈಥಾಂಬ್ಯುಟಾಲ್ ಮೇಣದ ಕೆಳಗಿನ ಪದರ ಕಟ್ಟುವುದನ್ನು ತಡೆಯುತ್ತದೆ. ಮೊದಲ 2 ತಿಂಗಳು ಈ ನಾಲ್ಕೂ ಸೇರಿದ ಮಾತ್ರೆ, ಮುಂದಿನ 4 ತಿಂಗಳು ಪೈರಜಿನಮೈಡ್ ಬಿಟ್ಟು ಉಳಿದ ಮೂರು. ಸಾಮಾನ್ಯ ಟಿಬಿಗೆ ಇದು ಲೆಕ್ಕ. ಮದ್ದಿಗೆ ಬಗ್ಗದ ಟಿಬಿಗೆ ಮಾತ್ರೆಗಳೂ ಬೇರೆ, ಅವಧಿಯೂ ಬೇರೆ. ಅದನ್ನು ಡಾಕ್ಟರೇ ಹೇಳಬೇಕು.

"ಆದರೆ ಮೇಡಂ, ಎರಡನೇ ತಿಂಗಳ ಕಫದಲ್ಲಿ ಏನೂ ಇಲ್ಲ ಅಂತ ನೀವೇ ಬರೆದು ಕೊಟ್ರಲ್ಲ?" ಈ ಪ್ರಶ್ನೆ ಬಂದೇ ಬರುತ್ತದೆ. ಉತ್ತರ ರೆಡಿ ಇಟ್ಟುಕೊಳ್ಳಿ. 1 ಮಿಲಿಲೀಟರ್ ಕಫದಲ್ಲಿ 5000ದಿಂದ 10,000 ಬ್ಯಾಕ್ಟೀರಿಯಾ ಇದ್ದರೆ ಮಾತ್ರ ನನ್ನ ಸ್ಲೈಡ್‌ನಲ್ಲಿ ಒಂದಾದರೂ ಕಾಣುತ್ತದೆ. ಅದಕ್ಕಿಂತ ಕಡಿಮೆ ಇದ್ದರೆ 100 ಫೀಲ್ಡ್ (ಸೂಕ್ಷ್ಮದರ್ಶಕದಲ್ಲಿ ಒಂದು ಸಲಕ್ಕೆ ಕಾಣುವಷ್ಟು ಜಾಗ) ತಿರುಗಿಸಿ ನೋಡಿದರೂ ಕಾಣದೇ ಹೋಗಬಹುದು. 'ಕಾಣಲಿಲ್ಲ' ಅಂತ ನಾವು ಬರೆಯುತ್ತೇವೆ. 'ಇಲ್ಲ' ಅಂತ ಬರೆಯುವುದಿಲ್ಲ.

ಕಾವಲಿಗೆ ಊಟ

ಎಲ್ಲ ಬ್ಯಾಕ್ಟೀರಿಯಾಗಳ ಉಪಾಯ ಒಂದೇ ಅಲ್ಲ. ನ್ಯುಮೋನಿಯಾ ತರುವ ನ್ಯುಮೋಕಾಕಸ್ ಮೈಗೆ ಲೋಳೆಯ ಕವಚ ಹೊದ್ದು ನುಂಗುವ ಕೋಶದ ಹಿಡಿತದಿಂದ ಮೀನಿನ ಹಾಗೆ ಜಾರಿಕೊಳ್ಳುತ್ತದೆ. ಟಿಬಿ ನುಂಗಿಸಿಕೊಂಡೇ ಬದುಕುವ ಜಾತಿ. ಹಾಗಾಗಿ ನುಂಗುವ ಕೋಶಗಳಿಗೆ ಬಲ ಬಂದಷ್ಟೂ ಮದ್ದಿನ ಕೆಲಸ ಹಗುರ.

ಇಲ್ಲಿ ಅಡುಗೆ ಮಾಡುವವರ ಕಡೆ ತಿರುಗಿ ಮಾತಾಡಿ. ಮಂಗಳೂರಿನ ಯೇನೆಪೋಯ ವೈದ್ಯಕೀಯ ಕಾಲೇಜಿನ ಡಾ. ಅನುರಾಗ್ ಭಾರ್ಗವ, ಡಾ. ಮಾಧವಿ ಭಾರ್ಗವ ಮತ್ತವರ ಜೊತೆಯವರು ಜಾರ್ಖಂಡ್‌ನಲ್ಲಿ ಒಂದು ದೊಡ್ಡ ಅಧ್ಯಯನ ಮಾಡಿ 2023ರಲ್ಲಿ ಪ್ರಕಟಿಸಿದರು. ಟಿಬಿ ರೋಗಿಯ ಮನೆಯ ಉಳಿದವರಿಗೂ ಅಕ್ಕಿ, ಬೇಳೆ, ವಿಟಮಿನ್ ಮಾತ್ರೆ ಕೊಟ್ಟಾಗ ಆ ಮನೆಗಳಲ್ಲಿ ಹೊಸದಾಗಿ ಟಿಬಿ ಬರುವುದು ಸುಮಾರು 39% ಕಡಿಮೆಯಾಯಿತು. ಬೇಳೆ ಅಷ್ಟು ದೊಡ್ಡ ಮದ್ದು. ಮೊಟ್ಟೆ, ಹುರಿಗಡಲೆ, ಹಾಲು, ಸೊಪ್ಪು, ಮೀನು ತಿನ್ನುವವರಿಗೆ ಮೀನು. ಟಿಬಿ ರೋಗಿಗಳ ಊಟಕ್ಕೆ ಸರ್ಕಾರ ಹಣ ಕೊಡುವ ನಿಕ್ಷಯ್ ಪೋಷಣ್ ಯೋಜನೆಯಲ್ಲಿ ತಿಂಗಳಿಗೆ 1000 ರೂಪಾಯಿ ರೋಗಿಯ ಖಾತೆಗೆ ಬರುತ್ತದೆ. ಬ್ಯಾಂಕ್ ಪಾಸ್‌ಬುಕ್, ಆಧಾರ್ ಜೋಡಣೆ ಸರಿ ಇದೆಯಾ ಅಂತ ಅವತ್ತೇ ನೋಡಿ.

ಸಕ್ಕರೆ ಕಾಯಿಲೆ ಇದೆಯಾ ಕೇಳಿ. ಇದ್ದರೆ ಟಿಬಿ ಬರುವ ಅಪಾಯ ಎರಡು ಮೂರು ಪಟ್ಟು ಜಾಸ್ತಿ. ಬೀಡಿ, ಕುಡಿತ ಕೂಡ ಕಾವಲನ್ನು ಕೆಡಿಸುತ್ತವೆ. ಉಪದೇಶ ಮಾಡದೆ ಹೇಳಿ.

ಅಡ್ಡಪರಿಣಾಮದ ಮಾತು ಚಿಕ್ಕದಾಗಿ ಆದರೆ ಸ್ಪಷ್ಟವಾಗಿ ಇರಲಿ. ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗುವುದು ರಿಫಾಂಪಿಸಿನ್‌ನಿಂದ, ಹೆದರುವಂಥದ್ದಲ್ಲ. ಇದನ್ನು ಮೊದಲೇ ಹೇಳದಿದ್ದರೆ ಜನ ರಕ್ತ ಅಂದುಕೊಂಡು ಮಾತ್ರೆ ಬಿಡುತ್ತಾರೆ. ಗರ್ಭ ತಡೆಯುವ ಮಾತ್ರೆ ನುಂಗುವ ಹೆಣ್ಣುಮಕ್ಕಳಿಗೆ, ಈ ಮದ್ದಿನ ಜೊತೆ ಅದರ ಬಲ ಕುಂದುತ್ತದೆ ಅಂತ ಪಕ್ಕಕ್ಕೆ ಕರೆದು ಹೇಳಿ. ಕಣ್ಣು ಹಳದಿಯಾದರೆ, ವಾಂತಿ ನಿಲ್ಲದಿದ್ದರೆ, ದೃಷ್ಟಿ ಮಂಜಾದರೆ ಅಥವಾ ಕೆಂಪು ಹಸಿರು ಬಣ್ಣ ಗೊತ್ತಾಗದಿದ್ದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಮೈತೂಕ ತಿಂಗಳಿಗೊಮ್ಮೆ ನೋಡಿಸಿ. ಮಾತ್ರೆ ಎಷ್ಟು ಅನ್ನುವುದು ತೂಕದ ಮೇಲೆ ನಿಂತಿದೆ.

ಹೊರಡುವ ಮುಂಚೆ ಗೋಡೆಯ ಕ್ಯಾಲೆಂಡರ್ ಕೇಳಿ ತೆಗೆದುಕೊಳ್ಳಿ. ಕೊನೆಯ ಮಾತ್ರೆಯ ದಿನ ಲೆಕ್ಕ ಹಾಕಿ ಪೆನ್ನಿನಿಂದ ಸುತ್ತು ಹಾಕಿ. ಮಾತ್ರೆ ಮುಗಿದ ಮೇಲೂ 6, 12, 18, 24ನೇ ತಿಂಗಳಿಗೆ ತಪಾಸಣೆ ಇದೆ, ಆ ತಿಂಗಳುಗಳನ್ನು ಕ್ಯಾಲೆಂಡರ್‌ನ ಹಿಂಭಾಗದಲ್ಲಿ ಬರೆದು ಕೊಡಿ. ರೋಗಿಯ ಕೈಯಲ್ಲೇ ಬರೆಸಿದರೆ ಇನ್ನೂ ಒಳ್ಳೆಯದು. ನನ್ನ ತಮ್ಮ ಆ ಎರಡನೇ ಸಲ ಪ್ರತಿ ಮಾತ್ರೆಗೂ ಒಂದೊಂದು ಗೀಟು ಎಳೆದ ಕ್ಯಾಲೆಂಡರ್ ಅಮ್ಮನ ಟ್ರಂಕಿನಲ್ಲಿ ಈಗಲೂ ಇದೆ. ಮನೆಗಳಿಗೆ ಹೋಗುವಾಗ ಕೆಲವು ಸಲ ಅದನ್ನೂ ತೆಗೆದುಕೊಂಡು ಹೋಗುತ್ತೇನೆ.